‘ಯಾರ ಪೈಕಿ ನೀ?’: ಕಿಶೋರ ಕಾದಂಬರಿಗಳ ಮುಂದಿರುವ ನಮ್ಮ ಸೀಮೆಯ ಪ್ರಶ್ನೆ

ಗದಗ ಬಸ್ ನಿಲ್ದಾಣವಿರಲಿ, ಹಾವೇರಿ ಸಂತೆಯಿರಲಿ, ಹನ್ನೆರಡು ವರ್ಷದ ಹುಡುಗ ಹಿರಿಯರೊಬ್ಬರ ಪಕ್ಕ ಕೂತರೆ ಮೂರು ಪ್ರಶ್ನೆ ಸಾಲಾಗಿ ಬರುತ್ತವೆ. ‘ಯಾವೂರಪಾ ತಮ್ಮಾ?’ ‘ಯಾರ ಮಗಾ?’ ‘ಯಾರ ಪೈಕಿ?’ ಹುಡುಗನ ಹೆಸರು ನಾಲ್ಕನೆಯದು, ಅದೂ ಕೇಳಿದರೆ. ಮೂರಕ್ಕೂ ಉತ್ತರ ಸಿಕ್ಕಿತೆಂದರೆ ಕೇಳಿದವರಿಗೆ ಹುಡುಗ ಗೊತ್ತಾದ ಹಾಗೆ. ಹುಡುಗನಿಗೆ ತಾನು ಗೊತ್ತಾದನೇ ಎಂಬುದು ಬೇರೆ ಮಾತು. ಆ ಬೇರೆ ಮಾತೇ ಕಿಶೋರ ಕಾದಂಬರಿಯ ಬಂಡವಾಳ.

ಕನ್ನಡದಲ್ಲಿ ಈಗ ಇಂಥ ಕಾದಂಬರಿಗಳಿಗೆ ಹಂಗಾಮು ಬಂದಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಶುರುವಾದದ್ದು 2010ರಲ್ಲಿ. 9ರಿಂದ 16 ವರ್ಷದ ಓದುಗರಿಗಾಗಿ ಬರೆದದ್ದಕ್ಕೆ ಕೊಡುವ ಈ ಪುರಸ್ಕಾರ 2021, 2022, 2023ರಲ್ಲಿ ಸಾಲಾಗಿ ಕನ್ನಡದ ಕಾದಂಬರಿಗಳಿಗೆ ಬಂತು. ಆ ಮೂರರಲ್ಲಿ ಮೊದಲನೆಯದು ಧಾರವಾಡದ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’. ಪ್ರಶಸ್ತಿ ಬಂದರೆ ಪ್ರಕಾಶಕರು ಕೇಳುತ್ತಾರೆ, ಕೇಳಿದರೆ ಬರೆಯುವವರು ಹುಟ್ಟುತ್ತಾರೆ. ಹೀಗೆ ಈ ಸೀಮೆಯಲ್ಲಿ ಮಕ್ಕಳ ಕಾದಂಬರಿ ಬರೆಯುವ ಶಿಕ್ಷಕರು ಹೆಚ್ಚಾಗಿದ್ದಾರೆ. ಆದರೆ ಬಹಳಷ್ಟು ಹಸ್ತಪ್ರತಿಗಳಲ್ಲಿ ಒಂದೇ ತೊಡಕು: ಹುಡುಗ ಹುಡುಕಲು ಹೊರಡುತ್ತಾನೆ, ಸಿಕ್ಕದ್ದನ್ನು ಮಾತ್ರ ಅಜ್ಜನೋ ಹೆಡ್ ಮಾಸ್ತರೋ ಕೈಗೆ ಕೊಡುತ್ತಾರೆ.

ಇದು ಹಳೆಯ ರೂಢಿಯ ಬಾಕಿ. ನಮ್ಮ ಮಕ್ಕಳ ಗದ್ಯ ಬಹುಕಾಲ ಎರಡು ಕಾಲಿನ ಮೇಲೆ ನಿಂತಿತ್ತು. ಒಂದು ನೀತಿಕಥೆ, ಇನ್ನೊಂದು ಅಂಗೈಯಗಲದ ಮಹಾಪುರುಷರ ಚರಿತ್ರೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರನ್ನೇ ನೋಡಿ. ಗುರು ಗೋವಿಂದಭಟ್ಟರು ‘ನಿಮ್ಮಪ್ಪ ಯಾರಲೇ?’ ಎಂದು ಕೇಳಿದ್ದು, ‘ನಿಮ್ಮಪ್ಪ ಯಾರೋ ನಮ್ಮಪ್ಪನೂ ಅವನೇ’ ಎಂದು ಹುಡುಗ ಹೇಳಿದ್ದು ಜನರ ಬಾಯಲ್ಲಿ ಉಳಿದ ಕಥೆ. ‘ಯಾರ ಪೈಕಿ’ ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಇದಕ್ಕಿಂತ ಗಡುಸಾದ ಉತ್ತರ ಸಿಗಲಿಕ್ಕಿಲ್ಲ. ಆದರೆ ಮಕ್ಕಳಿಗೆ ಬರೆದ ಚರಿತ್ರೆಗಳಲ್ಲಿ ಎರಡನೆಯ ಪುಟಕ್ಕೆ ಗುರು ಸಿಕ್ಕು ನಾಲ್ಕನೆಯ ಪುಟಕ್ಕೆ ಹುಡುಗ ಸಂತನಾಗಿಬಿಡುತ್ತಾನೆ. ಆ ಕಾಲದ ಸಾಲಿಯ ಮುಲ್ಕಿ ಪರೀಕ್ಷೆ ಮುಗಿಸಿ ಕೆಲ ಕಾಲ ಸಾಲಿ ಮಾಸ್ತರಿಕೆ ಮಾಡಿದ, ಇನ್ನೂ ಏನೂ ತೀರ್ಮಾನವಾಗಿರದ ಶರೀಫ ಅಲ್ಲಿ ಎರಡು ಸಾಲಿನವನು. ಕಾದಂಬರಿಗೆ ಬೇಕಾದದ್ದು ಆ ಎರಡು ಸಾಲು.

ಹಾಜರಿ ಪುಸ್ತಕದಿಂದ ಶುರು

ತಾನು ಯಾರು ಎಂಬ ಪ್ರಶ್ನೆ ಮಗುವಿಗೆ ಬೆಟ್ಟದ ಮೇಲೆ ಒಂಟಿಯಾಗಿ ಕೂತಾಗ ಬರುವುದು ಸಿನಿಮಾದಲ್ಲಿ. ಇಲ್ಲಿ ಅದು ಹಾಜರಿ ಕೂಗುವಾಗ ಬರುತ್ತದೆ. ಬೆಂಗಳೂರು, ಮೈಸೂರು ಕಡೆ ಹೆಸರಿನ ಜೊತೆ ಒಂದೆರಡು ಇನಿಷಿಯಲ್ ಇದ್ದರೆ ಸಾಕು. ನಮ್ಮಲ್ಲಿ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು, ಎಂದರೆ ಮನೆತನದ ಹೆಸರು. ಬಡಿಗೇರ, ಕಂಬಾರ, ಹೂಗಾರ, ಮಡಿವಾಳರ ಎಂದರೆ ಮನೆತನದ ಕಸುಬನ್ನೇ ಕೂಗಿದ ಹಾಗೆ. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದರೆ ಹಿಂದಿನ ಬೆಂಚಿನಿಂದ ನಗು. ಮೂವತ್ತೈದು ಮಕ್ಕಳ ಮುಂದೆ ದಿನಕ್ಕೊಮ್ಮೆ ಕೂಗಿಸಿಕೊಳ್ಳುವ ಈ ಅಡ್ಡಹೆಸರಿನಲ್ಲಿ ಜಾತಿ, ಕಸುಬು, ಊರು, ಅಜ್ಜ ಎಲ್ಲರೂ ಇದ್ದಾರೆ. ಮಗು ಒಂದೇ ಇಲ್ಲ.

ಆದರೂ ಬರುತ್ತಿರುವ ಕಾದಂಬರಿಗಳಲ್ಲಿ ನಾಯಕರ ಹೆಸರು ರಾಜು, ಪುಟ್ಟ, ಚಿನ್ನಿ. ಅಡ್ಡಹೆಸರು ತೆಗೆದರೆ ಜಾತಿಯ ಗೊಡವೆ ತಪ್ಪಿತು ಎಂಬ ಲೆಕ್ಕಾಚಾರ ಇದರ ಹಿಂದಿದೆ. ಜಾತಿ ತಪ್ಪುವುದಿಲ್ಲ, ಕಥೆ ತಪ್ಪುತ್ತದೆ. ಯಾವ ಮನೆಯಲ್ಲೂ ಹುಟ್ಟದ ಹುಡುಗ ತಾನು ಯಾರೆಂದು ಹುಡುಕಿದರೆ ಓದುಗನಿಗೆ ಏನು ಪಣ?

ಬರೆಯುವವರು ಮೊದಲ ಅಧ್ಯಾಯಕ್ಕೂ ಮುಂಚೆ ಒಂದು ಹಾಳೆಯಲ್ಲಿ ಪಾತ್ರದ ಮೂರು ಹೆಸರು ಬರೆದುಕೊಳ್ಳಬೇಕು: ದಾಖಲೆಯ ಹೆಸರು, ಮನೆಯ ಹೆಸರು, ಗೆಳೆಯರು ಇಟ್ಟ ಅಣಕದ ಹೆಸರು. ಪಕ್ಕದಲ್ಲಿ ಯಾರು ಯಾವುದನ್ನು ಬಳಸುತ್ತಾರೆ ಎಂದು ಗುರುತು ಹಾಕಬೇಕು. ಮಾವನ ಹೆಸರನ್ನು ಬಾಯಿಬಿಟ್ಟು ಹೇಳಲಾರದ ಸೊಸೆ, ಅದೇ ಹೆಸರಿಟ್ಟ ಮಗನನ್ನು ‘ಅಜ್ಜಪ್ಪ’ ಎಂದೇ ಕರೆಯುವ ಮನೆಗಳು ಇನ್ನೂ ಇವೆ. ಆ ಹುಡುಗನಿಗೆ ತನ್ನ ಹೆಸರು ಗೊತ್ತಾಗುವುದೇ ಸಾಲಿಗೆ ಸೇರಿದ ದಿನ. ಹತ್ತನೆಯ ತರಗತಿಯ ಹೊತ್ತಿಗೆ ಮತ್ತೊಂದು ಗಳಿಗೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬಂದ ಹೆಸರು ಮುಂದಿನ ಎಲ್ಲ ಕಾಗದಕ್ಕೂ ಆಧಾರ, ಅದನ್ನು ಅಲ್ಲಿಂದಾಚೆ ಬದಲಿಸುವುದು ಕೋರ್ಟು-ಕಚೇರಿಯ ಕೆಲಸ. ಆದ್ದರಿಂದ ಅರ್ಜಿ ತುಂಬುವ ವಾರದಲ್ಲಿ ಕಾದಂಬರಿಯೊಂದು ನಡೆದರೆ ಅದಕ್ಕೆ ಬೇರೆ ಗಡುವು ಹುಡುಕಬೇಕಾಗಿಲ್ಲ. (ಅಪ್ಪನ ಜನ್ಮದಿನಾಂಕ ಜೂನ್ 1 ಎಂದು ಬರೆದಿದ್ದು, ಓಣಿಯ ಅರ್ಧ ಗಂಡಸರದ್ದೂ ಅದೇ ದಿನ ಎಂದು ಮಗಳು ಕಂಡುಹಿಡಿಯುವ ದೃಶ್ಯ ಉಚಿತವಾಗಿ ಬಿದ್ದಿದೆ. ಯಾರಾದರೂ ಎತ್ತಿಕೊಳ್ಳಲಿ.)

ವ್ಯಾಕರಣ ಕೊಡುವ ಸಲಿಗೆ

ಕನ್ನಡ ಕಾದಂಬರಿಕಾರರಿಗೆ ಇರುವ ಒಂದು ಅನುಕೂಲವನ್ನು ಕೆಲವರೇ ಬಳಸಿಕೊಂಡಿದ್ದಾರೆ. ‘ನಾ ಬಂದೆ, ನಾ ಅತ್ತೆ, ನಾ ಓಡಿದೆ’ ಎಂದಾಗ ಹೇಳುತ್ತಿರುವುದು ಹುಡುಗನೋ ಹುಡುಗಿಯೋ ಕ್ರಿಯಾಪದ ಹೇಳುವುದಿಲ್ಲ. ಹಿಂದಿಯಲ್ಲಿ ‘ಜಾತಾ ಹೂಂ’, ‘ಜಾತೀ ಹೂಂ’ ಎಂದು ಬಾಯಿ ತೆರೆದ ಕೂಡಲೇ ಗುಟ್ಟು ಬಯಲು. ಕನ್ನಡದಲ್ಲಿ ಉತ್ತಮ ಪುರುಷ, ಮಧ್ಯಮ ಪುರುಷ ಎರಡಕ್ಕೂ ಲಿಂಗದ ಗುರುತಿಲ್ಲ; ಪ್ರಥಮ ಪುರುಷಕ್ಕೆ ಬಂದರೆ ಮಾತ್ರ ಬಂದ, ಬಂದಳು, ಬಂತು ಎಂದು ತೀರ್ಮಾನಿಸಲೇಬೇಕು. ಎಂದರೆ ‘ನಾ’ ಎಂದು ಶುರುವಾದ ಕಾದಂಬರಿ ನಾಲ್ಕು ಅಧ್ಯಾಯದವರೆಗೆ ಮಗುವನ್ನು ಬರೀ ಮಗುವಾಗಿ ನಡೆಸಬಹುದು. ಐದನೆಯದರಲ್ಲಿ ಬೇರೊಬ್ಬರು ಬಂದು ‘ಆಕಿ ಎಲ್ಲಿ ಹೋಗ್ಯಾಳ?’ ಎಂದು ಕೇಳಿದಾಗ ಓದುಗನಿಗೆ ತಾನು ಇಷ್ಟು ಹೊತ್ತು ಏನು ಎಣಿಸಿಕೊಂಡಿದ್ದೆ ಎಂಬ ಎಚ್ಚರ ಬರುತ್ತದೆ. ಇದು ಚಮತ್ಕಾರಕ್ಕಾಗಿ ಅಲ್ಲ. ಕೂಸು ಇದ್ದಾಗ ‘ಅದು ಅಳತೈತಿ’ ಎನ್ನಿಸಿಕೊಂಡ ಮಗು ಯಾವ ದಿನದಿಂದ ‘ಅಂವ’ ಇಲ್ಲವೇ ‘ಆಕಿ’ ಆಗುತ್ತದೆ, ಆದ ಮೇಲೆ ಯಾವ ಬಾಗಿಲು ತೆರೆದು ಯಾವುದು ಮುಚ್ಚುತ್ತದೆ ಎಂಬುದೇ ಬೆಳೆಯುವುದರ ಕಥೆ.

ಇನ್ನೊಂದು ಉಪಕರಣ ‘ರೀ’. ಧಾರವಾಡ ಸೀಮೆಯ ಮಾತಿನಲ್ಲಿ ಬಾ, ಬರ್ರಿ ಎಂಬ ಎರಡರ ನಡುವಿನ ಅಂತರ ಮೈಲುಗಟ್ಟಲೆ. ಅವ್ವನಿಗೆ ‘ನೀ’, ಅಕ್ಕೋರಿಗೆ (ಶಿಕ್ಷಕಿಗೆ) ‘ನೀವ್‌ರೀ’, ಗೆಳೆಯನಿಗೆ ‘ಲೇ’. ಮಗು ಇದನ್ನು ಮೂರು ವರ್ಷಕ್ಕೇ ಕಲಿಯುತ್ತದೆ, ಹನ್ನೆರಡಕ್ಕೆ ಅದರ ಅರ್ಥ ತಿಳಿಯುತ್ತದೆ. ಕೂಲಿಗೆ ಹೋದ ಅಪ್ಪ, ತನ್ನ ಮಗನ ತರಗತಿಯಲ್ಲೇ ಓದುವ ಗೌಡರ ಹುಡುಗನಿಗೆ ‘ಬರ್ರಿ ಸಣ್ಣ ಧಣೀ’ ಎನ್ನುತ್ತಾನೆ; ಆ ಹುಡುಗ ಅಪ್ಪನಿಗೆ ‘ಏ, ನೀರ ತಾ’ ಎನ್ನುತ್ತಾನೆ. ಮರುದಿನ ಬೆಂಚಿನಲ್ಲಿ ಇಬ್ಬರೂ ಅಕ್ಕಪಕ್ಕ. ಇಷ್ಟು ಬರೆದರೆ ಎರಡು ಪುಟದ ಉಪದೇಶ ಬೇಡ. ಆದರೆ ಅದೇ ಸಂಭಾಷಣೆಯನ್ನು ‘ಬನ್ನಿ’, ‘ನೀರು ಕೊಡಿ’ ಎಂದು ಪಠ್ಯಪುಸ್ತಕದ ಕನ್ನಡಕ್ಕೆ ತಂದರೆ ಗಾಯವೇ ಮಾಯ.

ಸಂಪಾದನೆಯ ಮೇಜಿನ ಮೇಲೆ ನಡೆಯುವುದು ಬಹುಪಾಲು ಇದೇ. ‘ನಾ ಸಾಲಿಗಿ ಹೋಗಂಗಿಲ್ಲ’ ಎಂಬುದು ‘ನಾನು ಶಾಲೆಗೆ ಹೋಗುವುದಿಲ್ಲ’ ಆಗುತ್ತದೆ. ಕಾರಣ ಕೇಳಿದರೆ, ಚಾಮರಾಜನಗರದ ಮಗುವಿಗೆ ಅರ್ಥವಾಗಬೇಕಲ್ಲ ಎಂಬ ಉತ್ತರ. ಧಾರವಾಡದ ಮಗು ಇಷ್ಟು ವರ್ಷ ಮೈಸೂರಿನ ಕನ್ನಡವನ್ನು ಅರ್ಥ ಮಾಡಿಕೊಂಡೇ ಬೆಳೆದಿಲ್ಲವೇ? ಇನ್ನೊಂದು ತುದಿಯ ತಪ್ಪೂ ಇದೆ: ಮಾತನ್ನು ಕಿವಿಗೆ ಕೇಳಿಸಿದ ಹಾಗೆಲ್ಲ ಬರೆದು, ಅರ್ಧಾಕ್ಷರ ತುರುಕಿ, ಹತ್ತು ವರ್ಷದ ಓದುಗ ಪ್ರತಿ ಪದಕ್ಕೂ ಎಡವುವಂತೆ ಮಾಡುವುದು. ‘ಮಾಡಾಕತ್ತೀನಿ’ ಎಂದು ಒಂದು ಕಡೆ, ‘ಮಾಡ್ಲಿಕ್ಹತ್ತೇನಿ’ ಎಂದು ಇನ್ನೊಂದು ಕಡೆ ಬಂದರೆ ಮಗು ಇವು ಎರಡು ಬೇರೆ ಮಾತು ಎಂದುಕೊಳ್ಳುತ್ತದೆ. ನಿಜಕ್ಕೂ ಅವು ಎರಡು ಬೇರೆ ಮನೆಯ ಮಾತು. ಒಂದೇ ಪಾತ್ರದ ಬಾಯಲ್ಲಿ ಎರಡೂ ಬರಬಾರದು.

ಕೆಲಸಕ್ಕೆ ಬರುವ ದಾರಿ ಹೀಗಿದೆ. ಪುಸ್ತಕಕ್ಕೊಂದು ಮಾತಿನ ಪಟ್ಟಿ ಮಾಡಿ, ಮೂವತ್ತು ನಲವತ್ತು ರೂಪ ಸಾಕು: ಹೋಗತೇನಿ, ಹಂಗ, ಹಿಂಗ, ನಂಗ, ಮನ್ಯಾಗ, ಅಂವ, ಆಕಿ, ಐತಿ. ಪ್ರತಿಯೊಂದಕ್ಕೂ ಒಂದೇ ಕಾಗುಣಿತ ಗೊತ್ತುಮಾಡಿ, ಅಕ್ಷರ ಜೋಡಿಸುವವರಿಗೂ ಕರಡು ತಿದ್ದುವವರಿಗೂ ಒಂದೊಂದು ಪ್ರತಿ ಕೊಡಿ. ಬಳಿಕ ಆ ಊರಿನದೇ ಐದನೆಯ ತರಗತಿಯ ಮಗುವಿನಿಂದ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿಸಿ. ಮಗು ಎಲ್ಲಿ ನಿಂತು ಹಿಂದೆ ಹೋಗುತ್ತದೋ ಅಲ್ಲಿ ಕಾಗುಣಿತ ತಪ್ಪಿದೆ. ಎಲ್ಲಿ ನಗುತ್ತದೋ ಅಲ್ಲಿ ಸರಿಯಿದೆ. ನಿರೂಪಣೆಯೂ ಆಡುಮಾತಿನಲ್ಲೇ ಇರಬೇಕೇ ಎಂಬುದು ಹಳೆಯ ಜಗಳ. ‘ನಾ’ ಹೇಳುವ ಕಥೆಯಾದರೆ ಇರಲಿ. ಲೇಖಕರೇ ಹೇಳುವ ಕಥೆಯಾದರೆ ನಿರೂಪಣೆಯನ್ನು ಸರಳ ಬರಹಗನ್ನಡದಲ್ಲಿಟ್ಟು, ಸಂಭಾಷಣೆಯನ್ನು ಮುಟ್ಟದೆ ಬಿಡುವುದು ವಾಸಿ. ಹಾವೇರಿ ಜಿಲ್ಲೆಯ ಕಥೆಗೆ ಇನ್ನೊಂದು ಎಚ್ಚರ ಬೇಕು: ರಾಣೇಬೆನ್ನೂರು ದಾಟಿ ದಕ್ಷಿಣಕ್ಕೆ ಹೋದಂತೆ ಮಾತಿನ ಧಾಟಿ ದಾವಣಗೆರೆಯ ಕಡೆ ವಾಲುತ್ತದೆ. ಹಿರೇಕೆರೂರಿನ ಅಜ್ಜಿಯ ಬಾಯಲ್ಲಿ ಧಾರವಾಡದ ಮಾಳಮಡ್ಡಿಯ ಮಾತು ಕೂರುವುದಿಲ್ಲ.

ಹೇಳಬೇಕಾದದ್ದು ಇನ್ನೂ ಇದೆ. ಕನ್ನಡವೇ ಮನೆಮಾತಲ್ಲದ ಮಕ್ಕಳು ಧಾರವಾಡ, ಗದಗ, ಹಾವೇರಿ ಈ ಮೂರೂ ಜಿಲ್ಲೆಯ ಕನ್ನಡ ಶಾಲೆಗಳಲ್ಲಿದ್ದಾರೆ. ತಾಂಡಾದ ಲಂಬಾಣಿ ಮಗು ಅವ್ವನನ್ನು ‘ಯಾಡಿ’ ಎನ್ನುತ್ತದೆ. ಸವಣೂರಿನಲ್ಲಿ, ಹಳೇ ಹುಬ್ಬಳ್ಳಿಯಲ್ಲಿ ಮನೆಯೊಳಗೆ ದಖ್ಖನಿ ಉರ್ದು, ಓಣಿಯಲ್ಲಿ ಧಾರವಾಡ ಕನ್ನಡ, ಸಾಲಿಯಲ್ಲಿ ಪುಸ್ತಕದ ಕನ್ನಡ. ಇಂಥ ಮಗುವನ್ನು ನಾಯಕಿಯಾಗಿಸಿದ ಹಸ್ತಪ್ರತಿಗಳಲ್ಲಿ ಸಾಮಾನ್ಯವಾಗಿ ಐದಾರು ಲಂಬಾಣಿ ಪದ ಉದುರಿಸಿ, ಕೊನೆಯಲ್ಲಿ ಅರ್ಥಕೋಶ ಹಾಕಿ, ಹಬ್ಬದ ಕುಣಿತದ ಒಂದು ಅಧ್ಯಾಯ ಸೇರಿಸಿ ಮುಗಿಸಿರುತ್ತಾರೆ. ಅದು ಪ್ರವಾಸಿಗರ ಕಣ್ಣು. ಮಗು ಯಾವ ಮಾತಿನಲ್ಲಿ ಲೆಕ್ಕ ಮಾಡುತ್ತದೆ, ಯಾವ ಮಾತಿನಲ್ಲಿ ಬೈಗುಳ ತಿನ್ನುತ್ತದೆ, ಪಾಲಕರ ಸಭೆಯಲ್ಲಿ ಯಾಡಿಯ ಪರವಾಗಿ ಅಕ್ಕೋರ ಜೊತೆ ತಾನೇ ಹೇಗೆ ಮಾತನಾಡಬೇಕಾಗುತ್ತದೆ ಎಂಬುದನ್ನು ಬರೆದರೆ ಅರ್ಥಕೋಶ ತಾನಾಗಿ ಬೇಡವಾಗುತ್ತದೆ.

ಹುಡುಗ ಓಡುತ್ತಾನೆ, ಹುಡುಗಿ?

ಹುಡುಗರ ಕಾದಂಬರಿಯ ಸಿದ್ಧ ಹಾದಿ ಮನೆ ಬಿಟ್ಟು ಓಡುವುದು. ಹಳ್ಳಿ, ಹುಬ್ಬಳ್ಳಿ ಸ್ಟೇಷನ್, ರೈಲು, ದೊಡ್ಡ ಊರಿನ ಹೋಟೆಲು, ದಯಾಳು ಮಾಲೀಕ, ವಾಪಸು. ಈ ಹಾದಿ ಹಳೆಯದಾದ್ದರಿಂದ ಕೆಟ್ಟದ್ದಲ್ಲ. ಕೆಡುವುದು ಬರೆಯುವವರು ತಮ್ಮ ಬಾಲ್ಯದ ಸ್ಟೇಷನ್ನನ್ನೇ ಬರೆಯುವುದರಿಂದ. ಈಗಿನದು ಬೇರೆ ಊರೇ ಸರಿ: 2023ರಲ್ಲಿ ಉದ್ಘಾಟನೆಯಾದ 1,507 ಮೀಟರಿನ ಪ್ಲಾಟ್‌ಫಾರ್ಮು, ತುಂಬ ಕ್ಯಾಮೆರಾ, ರೈಲ್ವೆ ರಕ್ಷಣಾ ದಳ, ಮಕ್ಕಳ ಸಹಾಯವಾಣಿ 1098. ಒಂಟಿಯಾಗಿ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. 14 ತುಂಬದ ಮಗುವನ್ನು ಹೋಟೆಲಿನಲ್ಲಿ ದುಡಿಸುವುದು ಅಪರಾಧ, ಆದ್ದರಿಂದ ಆ ದಯಾಳು ಮಾಲೀಕ ಈಗ ಕಾನೂನಿನ ಕಣ್ಣಿಗೆ ಆರೋಪಿ. ಇದನ್ನೆಲ್ಲ ಬರೆಯಲೇಬೇಕೆಂದಲ್ಲ. ಹುಡುಗ ಇದರಿಂದ ಹೇಗೆ ತಪ್ಪಿಸಿಕೊಂಡ ಎಂಬುದಕ್ಕೆ ಲೇಖಕರ ಬಳಿ ಉತ್ತರ ಇರಬೇಕು, ಅಷ್ಟೆ. ಏಳನೆಯ ತರಗತಿಯ ಓದುಗನಿಗೆ 1098 ಗೊತ್ತು. ಸಾಲಿ ಗೋಡೆಯ ಮೇಲೆ ಬರೆದಿರುತ್ತದೆ. ಮೊಬೈಲ್ ಕುರಿತೂ ಇದೇ ಮಾತು. 2020ರ ನಂತರದ ಕಥೆಯಲ್ಲಿ ಮನೆಯಲ್ಲಿ ಒಂದೂ ಫೋನಿಲ್ಲದಿದ್ದರೆ ಕಾರಣ ಬೇಕು. ಇದ್ದರೆ ಯಾರ ಕೈಯಲ್ಲಿರುತ್ತದೆ, ರೀಚಾರ್ಜ್ ಯಾವಾಗ ಮುಗಿಯುತ್ತದೆ ಎಂಬುದು ಕಥೆಗೆ ಇಂಧನ.

ಓಡಿಹೋಗುವ ಹುಡುಗನಿಗಿಂತ, ಮನೆಯವರೇ ಹೋದ ಮೇಲೆ ಉಳಿಯುವ ಮಗುವಿನ ಕಥೆ ಇಲ್ಲಿ ಹೆಚ್ಚು ನಿಜ. ಸುಗ್ಗಿ ಮುಗಿದ ಮೇಲೆ ಅಪ್ಪ-ಅವ್ವ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿ, ಅಜ್ಜಿಯ ಬಳಿ ಮಕ್ಕಳು ಉಳಿಯುವ ಮನೆಗಳು ಗದಗ ಜಿಲ್ಲೆಯ ಒಣಬೇಸಾಯದ ಹಳ್ಳಿಗಳಲ್ಲಿ ಅಪರೂಪವಲ್ಲ. ಹನ್ನೊಂದರ ಹುಡುಗಿ ತಮ್ಮನಿಗೆ ಅವ್ವನಾಗುವುದೂ ತಾನು ಯಾರೆಂದು ಕಂಡುಕೊಳ್ಳುವುದೇ, ರೈಲು ಹತ್ತದೆಯೇ.

ಹುಡುಗಿಯರ ಕಾದಂಬರಿ ಮಾತ್ರ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ‘ದೊಡ್ಡಾಕಿ ಆದಳು’ ಎಂಬ ಮಾತು ಬಂದೊಡನೆ ಅಧ್ಯಾಯ ಮುಗಿದು, ಮುಂದಿನದರಲ್ಲಿ ಸೀರೆ, ಆರತಿ, ಹೆಂಗಸರ ಹಾಡು. ಅವಳ ಹೊಟ್ಟೆನೋವಾಗಲಿ, ಸಾಲಿಯ ಶೌಚಾಲಯಕ್ಕೆ ಚಿಲಕವಿಲ್ಲದ್ದಾಗಲಿ, ಕಬಡ್ಡಿ ತಂಡದಿಂದ ಹೆಸರು ಬಿಟ್ಟದ್ದಾಗಲಿ ಕಥೆಗೆ ಬರುವುದಿಲ್ಲ. ಬರೆದರೆ ಗ್ರಂಥಾಲಯ ಕೊಳ್ಳುವುದಿಲ್ಲ ಎಂಬ ಅಂಜಿಕೆ ಲೇಖಕರದು, ಬರೆಯುವವರೇ ಇಲ್ಲ ಎಂಬ ದೂರು ಕೊಳ್ಳುವವರದು. ಇದರ ನಡುವೆ ಈ ಸೀಮೆಯ ಹುಡುಗಿಯ ಭೂಗೋಳವೇ ಬದಲಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅವಳಿಗೆ ಶೂನ್ಯ ಟಿಕೆಟ್. ಲಕ್ಷ್ಮೇಶ್ವರದ ಹುಡುಗಿ ಆಧಾರ್ ಕಾರ್ಡ್ ಹಿಡಿದು ಹುಬ್ಬಳ್ಳಿಗೆ ಹೋಗಿ ಸಂಜೆಗೆ ಬರಬಹುದು, ಅಪ್ಪನ ಹತ್ತಿರ ರೊಕ್ಕ ಕೇಳದೆ. ರೊಕ್ಕ ಕೇಳಬೇಕಿಲ್ಲ ಎಂದರೆ ಕಾರಣ ಹೇಳಬೇಕಿಲ್ಲ ಎಂದು. ಹುಡುಗರಿಗೆ ರೈಲು ಮಾಡಿದ ಕೆಲಸವನ್ನು ಹುಡುಗಿಯರ ಕಾದಂಬರಿಯಲ್ಲಿ ವಾಯವ್ಯ ಸಾರಿಗೆಯ ಬಸ್ಸು ಮಾಡಬಹುದು. ಆ ಕಾದಂಬರಿಯ ದಾರಿ ಕಾಯುತ್ತಿದ್ದೇವೆ.

ಮುಕ್ತಾಯವನ್ನು ಪರೀಕ್ಷಿಸುವ ಬಗೆ ಸುಲಭ. ಹಸ್ತಪ್ರತಿಯ ಕೊನೆಯ ಮೂರು ಅಧ್ಯಾಯ ತೆಗೆದುಕೊಂಡು, ಯಾರು ಏನನ್ನು ತೀರ್ಮಾನಿಸಿದರು ಎಂಬ ವಾಕ್ಯಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಮಗುವಿನದಕ್ಕೆ ಒಂದು ಗೆರೆ, ದೊಡ್ಡವರದಕ್ಕೆ ಎರಡು. ಜೋಡಿಗೆರೆ ಹೆಚ್ಚಾಗಿದ್ದರೆ ಅದು ಮಗುವಿನ ಹೆಸರಿನಲ್ಲಿ ಬರೆದ ಪಾಲಕರ ಕಾದಂಬರಿ. ಆಮೇಲೆ ಅತಿ ಉದ್ದದ ಮಾತು ಯಾರದ್ದು ನೋಡಿ. ಅಜ್ಜನದೋ ಮಾಸ್ತರದೋ ಆಗಿದ್ದು ಎಂಟು ಸಾಲು ಮೀರಿದರೆ ಅದನ್ನು ಪೂರ್ತಿ ತೆಗೆದು ಮತ್ತೊಮ್ಮೆ ಓದಿ. ಹತ್ತರಲ್ಲಿ ಎಂಟು ಸಲ ಏನೂ ಕಡಿಮೆಯಾಗಿರುವುದಿಲ್ಲ. ಕಡಿಮೆಯಾಗಿದ್ದರೆ, ಆ ಮಾತು ಹೇಳುತ್ತಿದ್ದದ್ದನ್ನು ಮಗು ಮಾಡಿ ತೋರಿಸುವ ಒಂದು ದೃಶ್ಯ ಹಿಂದೆಲ್ಲೋ ಬರೆಯದೆ ಉಳಿದಿದೆ ಎಂದು ತಿಳಿಯಬೇಕು.

ಪುಟದ ಲೆಕ್ಕ

ಪುಸ್ತಕದ ಗಾತ್ರಕ್ಕೂ ಒಳಗಿನ ಕಥೆಗೂ ನಂಟಿದೆ. ಕಾದಂಬರಿಗಳ ರೂಢಿಯ ಅಳತೆಯಾದ ಡೆಮಿ ಅಷ್ಟಪತ್ರದಲ್ಲಿ ಒಂದು ಫಾರ್ಮಿಗೆ, ಎಂದರೆ ಅಚ್ಚಾಗಿ ಮಡಚುವ ಒಂದು ಹಾಳೆಗೆ, 16 ಪುಟ. ಆರು ಫಾರ್ಮಿನ ಪುಸ್ತಕ 96 ಪುಟ. ಶೀರ್ಷಿಕೆ, ಪರಿವಿಡಿಗೆ 8 ಹೋಯಿತು, ಚಿತ್ರಗಳಿಗೆ 10. ಉಳಿದ 78 ಪುಟಕ್ಕೆ, 14 ಪಾಯಿಂಟಿನ ಅಕ್ಷರದಲ್ಲಿ ಪುಟಕ್ಕೆ ಸುಮಾರು 170 ಪದದಂತೆ, 13,200 ಪದ. ಹನ್ನೆರಡು ಅಧ್ಯಾಯ ಮಾಡಿದರೆ ತಲಾ 1,100. ಹತ್ತು-ಹನ್ನೆರಡು ವರ್ಷದ ಓದುಗರಿಗೆ ಇದು ಹಿತವಾದ ಅಳತೆ. ಚಿತ್ರಪುಸ್ತಕಗಳ ಓದಿನ ಹಂತಗಳು 1,500 ಪದದ ಆಸುಪಾಸಿಗೆ ನಿಲ್ಲುತ್ತವೆ, ಆಮೇಲೆ ಮಗುವಿಗೆ ಸಿಗುವುದು ಒಮ್ಮೆಲೇ ದೊಡ್ಡವರ 200 ಪುಟ. ನಡುವಿನ ಮೆಟ್ಟಿಲು ಇದೇ.

ಆದರೆ ಆ 78 ಪುಟಗಳಿಗೆ ಕುತ್ತು ತರುವುದು ಮುನ್ನುಡಿ. ಹಿರಿಯರೊಬ್ಬರ ಆರು ಪುಟ, ಆಶಯ ನುಡಿ ಮೂರು ಪುಟ, ಲೇಖಕರ ಮಾತು ನಾಲ್ಕು ಪುಟ, ನೆನಪಿನ ಸಾಲುಗಳು. ಹುಡುಗ ಕೊನೆಗೆ ಏನು ಕಂಡುಕೊಂಡ ಎಂಬುದನ್ನು ಮುನ್ನುಡಿಕಾರರು ಎರಡನೆಯ ಪ್ಯಾರಾದಲ್ಲೇ ಹೇಳಿ, ಅದರಿಂದ ಮಕ್ಕಳು ಏನು ಕಲಿಯಬೇಕು ಎಂದು ಮೂರನೆಯದರಲ್ಲಿ ಹೇಳಿರುತ್ತಾರೆ. ಮುನ್ನುಡಿ ಬೇಕೇ ಬೇಕೆಂದರೆ ಪುಸ್ತಕದ ಹಿಂದಕ್ಕೆ ಹಾಕಿ, ಮಕ್ಕಳು ಅಲ್ಲಿಯವರೆಗೆ ಹೋಗುವುದಿಲ್ಲ.

ಕೊಳ್ಳುವವರು ಮಕ್ಕಳಲ್ಲ ಎಂಬುದು ಈ ವ್ಯವಹಾರದ ಮೂಲ ಗಂಟು. ಸಾರ್ವಜನಿಕ ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ದರ ಪುಟದ ಲೆಕ್ಕದಲ್ಲಿ. ಆ ಲೆಕ್ಕದಲ್ಲಿ ಚಿತ್ರಕಾರರ ದುಡಿಮೆಗೆ ಬೆಲೆ ಇಲ್ಲ, ಪುಟ ಹೆಚ್ಚಿಸಿದವರಿಗೆ ಲಾಭ. ಹಾಗಾಗಿ ಕಪ್ಪು-ಬಿಳುಪಿನ ನಾಲ್ಕು ಅವಸರದ ಚಿತ್ರ, ಉದ್ದದ ಮುನ್ನುಡಿ. ಬೈಯಬೇಕಾದದ್ದು ಪ್ರಕಾಶಕರನ್ನಷ್ಟೇ ಅಲ್ಲ.

ಅರಿವು ಕೇಂದ್ರದಲ್ಲಿ ಒಂದು ಕಾದಂಬರಿ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರು. ಜಾಗ ಇದೆ, ಮಕ್ಕಳಿದ್ದಾರೆ. ಕಾದಂಬರಿ ಓದಿಸುವುದು ಮಾತ್ರ ಕಥೆ ಓದಿಸುವಂತಲ್ಲ.

ಒಂದೇ ಪುಸ್ತಕದ ಐದು ಪ್ರತಿ ಬೇಕು, ಮಕ್ಕಳು ಹತ್ತು. ಇಬ್ಬರಿಗೊಂದು ಪ್ರತಿ. ಐದು ಬೇರೆ ಬೇರೆ ಪುಸ್ತಕಕ್ಕಿಂತ ಒಂದರ ಐದು ಪ್ರತಿ ಕೊಳ್ಳುವುದಕ್ಕೆ ಸಮಿತಿಯಲ್ಲಿ ವಿರೋಧ ಬರುತ್ತದೆ, ಒಪ್ಪಿಸಬೇಕು. ಮೊದಲ ದಿನ ಪ್ರತಿ ಮಗುವಿನಿಂದ ಒಂದು ನಿಮಿಷ ಗಟ್ಟಿಯಾಗಿ ಓದಿಸಿ ಪದ ಎಣಿಸಿ. 60 ಬಂದರೆ 1,100 ಪದದ ಅಧ್ಯಾಯಕ್ಕೆ 18 ನಿಮಿಷ. 40 ಬಂದರೆ 27. ನಲವತ್ತು ನಿಮಿಷದ ಅವಧಿಯಲ್ಲಿ ಓದಿ ಮುಗಿದ ಮೇಲೆ ಮಾತಿಗೆ ಎಷ್ಟು ಉಳಿಯುತ್ತದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ. 40ಕ್ಕಿಂತ ಕಡಿಮೆ ಇದ್ದ ಮಗುವನ್ನು ಚೆನ್ನಾಗಿ ಓದುವ ಮಗುವಿನ ಜೊತೆ ಕೂರಿಸಿ. ಆದರೆ ಅಣ್ಣ-ತಮ್ಮ, ಅಕ್ಕ-ತಂಗಿಯರನ್ನು ಜೋಡಿ ಮಾಡಬೇಡಿ, ಮನೆಯ ದರ್ಪ ಅಲ್ಲಿಗೂ ಬರುತ್ತದೆ. ವಾರಕ್ಕೆ ಮೂರು ಅಧ್ಯಾಯದಂತೆ ನಾಲ್ಕು ವಾರ. ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ದಸರಾ ರಜೆ ನಡುವೆ ಬಂದರೆ ಕಥೆಯ ಎಳೆ ಕಡಿದುಹೋಗುತ್ತದೆ, ಬೇಸಿಗೆಯಲ್ಲಿ ಅರ್ಧ ಮಕ್ಕಳು ಅಜ್ಜಿ ಊರಿಗೆ.

ಮೂರನೆಯ ಅಧ್ಯಾಯದ ಹೊತ್ತಿಗೆ ಎರಡು ಮೂರು ಮಕ್ಕಳು ಬರುವುದನ್ನು ನಿಲ್ಲಿಸುತ್ತಾರೆ. ಪುಸ್ತಕದ ತಪ್ಪೆಂದೇ ಇಲ್ಲ. ಒಂದು ದಿನ ತಪ್ಪಿಸಿದ ಮಗುವಿಗೆ ಕಥೆ ಎಲ್ಲಿಗೆ ಬಂತೆಂದು ತಿಳಿಯದೆ ನಾಚಿಕೆಯಾಗಿರುತ್ತದೆ. ದಿನವೂ ಮೊದಲ ಐದು ನಿಮಿಷ ‘ಹಿಂದ ಏನಾಗಿತ್ತು’ ಎಂದು ಮಕ್ಕಳಿಂದಲೇ ಹೇಳಿಸಿದರೆ ಇದು ಬಹಳಷ್ಟು ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳುವಲ್ಲಿ ಎಡವುವುದು ಹೆಚ್ಚು. ‘ಈ ಕಥೆಯಿಂದ ಏನು ಕಲಿತಿರಿ?’ ಎಂದು ಕೇಳಿದರೆ ಹತ್ತೂ ಮಕ್ಕಳು ‘ಅಪ್ಪ-ಅವ್ವನ ಮಾತ ಕೇಳಬೇಕ್ರೀ’ ಎನ್ನುತ್ತಾರೆ, ಪುಸ್ತಕ ಯಾವುದೇ ಇರಲಿ. ‘ನೀನಾಗಿದ್ದರೆ?’ ಎಂಬ ಪ್ರಶ್ನೆಯೂ ಮೊದಲ ವಾರಕ್ಕೆ ಭಾರ. ಎಲ್ಲರ ಮುಂದೆ ತನ್ನ ಮನೆಯ ಮಾತು ಎತ್ತಬೇಕಾಗುತ್ತದೆ. ಪುಸ್ತಕದೊಳಗಿನ ಸಣ್ಣ ಪ್ರಶ್ನೆಗಳು ಹಿತ. ಇಲ್ಲಿ ಅವ್ವ ಅವನನ್ನು ಯಾವ ಹೆಸರಿನಿಂದ ಕರೆದಳು? ಮೊದಲ ಅಧ್ಯಾಯದಲ್ಲೂ ಅದೇ ಹೆಸರಿತ್ತಾ? ‘ಲೇ’ ಅಂತಿದ್ದ ಗೆಳೆಯ ಇಲ್ಲಿ ಯಾಕೆ ಸುಮ್ಮನಾದ? ಮಕ್ಕಳು ಪುಟ ತಿರುವಿ ಹುಡುಕುತ್ತಾರೆ, ಜಗಳಾಡುತ್ತಾರೆ, ಮೂರನೆಯ ವಾರಕ್ಕೆ ತಾವಾಗಿಯೇ ತಮ್ಮ ಹೆಸರಿನ ಮಾತಿಗೆ ಬರುತ್ತಾರೆ. ಬಂದಾಗ ಬರೆದುಕೊಳ್ಳಬೇಡಿ, ಅಕ್ಕೋರಿಗೂ ಹೇಳಬೇಡಿ. ಯಾವ ಮಗುವಾದರೂ ಹೊಡೆತ, ಮದುವೆ ಮಾತು, ಮೈಮುಟ್ಟಿದ ಸಂಗತಿ ಹೇಳಿದರೆ ಮಾತ್ರ ಇದು ಓದಿನ ವಿಷಯವಾಗಿ ಉಳಿಯುವುದಿಲ್ಲ. 1098ಕ್ಕೆ ಕರೆ ಮಾಡಬೇಕು.

ಕೊನೆಯ ಅಧ್ಯಾಯವನ್ನು ಗುಂಪಿನಲ್ಲಿ ಗಟ್ಟಿಯಾಗಿ ಓದಿಸಬಾರದು. ಐದು ಪ್ರತಿಗಳನ್ನು ಐವರಿಗೆ ಕೊಟ್ಟು ಶುಕ್ರವಾರ ಮನೆಗೆ ಕಳಿಸಿ, ಭಾನುವಾರ ಇನ್ನೈವರಿಗೆ ದಾಟಿಸಲು ಹೇಳಿ. ಮುಗಿಸಿದವರು ಮುಗಿಸದವರ ಮುಂದೆ ಬಾಯಿ ಬಿಡಬಾರದೆಂಬುದೊಂದೇ ಕರಾರು. ಬಿಟ್ಟೇ ಬಿಡುತ್ತಾರೆ. ಸೋಮವಾರ ಪ್ರತಿಗಳು ವಾಪಸ್ಸಾದಾಗ ಒಂದರ ಮೇಲೆ ಎಣ್ಣೆ ಕಲೆ, ಇನ್ನೊಂದರ ರಟ್ಟು ಮಡಚಿರುತ್ತದೆ. ದಂಡ ಹಾಕಬೇಡಿ, ಅಂಟಿಸಲು ಟೇಪು ತಂದಿಟ್ಟುಕೊಳ್ಳಿ.